ಎರಡು ಜೇಮ್ಸ್‌ಟೌನ್, ಒಂದು ತಪ್ಪು ಟಿಕೆಟ್

ವರ್ಜೀನಿಯಾದಲ್ಲಿ ನೋಡೋಕೆ ಎರಡು ಜೇಮ್ಸ್‌ಟೌನ್ ಇವೆ. ಇದು ನನಗೆ ಗೊತ್ತಾಗಿದ್ದು ತಪ್ಪು ಟಿಕೆಟ್ ಹಿಡಿದು ಕೌಂಟರ್ ಮುಂದೆ ನಿಂತಾಗ. ಪಕ್ಕದಲ್ಲಿ ಊರಿಂದ ಬಂದ ಅಮ್ಮ, ಜುಲೈ ತಿಂಗಳ ಬಿಸಿಲು.

1607ರಲ್ಲಿ ಇಂಗ್ಲಿಷರು ನೆಲೆ ನಿಂತ ಅಸಲಿ ಜಾಗ ಜೇಮ್ಸ್ ನದಿಯ ದ್ವೀಪದಲ್ಲಿದೆ. ಅದು ಹಿಸ್ಟಾರಿಕ್ ಜೇಮ್ಸ್‌ಟೌನ್. ಅಲ್ಲೇ ಹತ್ತಿರ, 1957ರಲ್ಲಿ 350ನೇ ವರ್ಷದ ನೆನಪಿಗೆ ಶುರುವಾದ ಮ್ಯೂಸಿಯಂ ಇನ್ನೊಂದು. ಅದು ಜೇಮ್ಸ್‌ಟೌನ್ ಸೆಟಲ್‌ಮೆಂಟ್. ಅಲ್ಲಿ ಕೋಟೆ, ಹಡಗು ಎಲ್ಲ ಹೊಸದಾಗಿ ಕಟ್ಟಿದ್ದು. ಅಸಲಿ ಜಾಗದ ಇಂಗ್ಲಿಷ್ ಸ್ಪೆಲಿಂಗಿನ ಕೊನೆಗೆ ಒಂದು 'ಇ' ಜಾಸ್ತಿ ಇರುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನಲ್ಲಿ ಟಿಕೆಟ್ ಮಾಡುವವರಿಗೆ ಆ 'ಇ' ಕಾಣುತ್ತಾ?

ನಾನು ಮ್ಯೂಸಿಯಂ ಟಿಕೆಟ್ ಕೊಂಡು ದ್ವೀಪಕ್ಕೆ ಹೋಗಿದ್ದೆ. 'ಇದು ಇಲ್ಲಿಯದಲ್ಲ' ಅಂದರು. ಇರಲಿ ಎಂದು ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ತೆಗೆದೆ. ಅಲ್ಲೂ ಒಂದು ಕೊಕ್ಕೆ. ದ್ವೀಪದ ಬಹುಪಾಲು ಉದ್ಯಾನ ಇಲಾಖೆಯದು, ಕೋಟೆ ಇದ್ದ ಜಾಗ ಮಾತ್ರ ಒಂದು ಖಾಸಗಿ ಸಂಸ್ಥೆಯದು. ಪಾಸ್ ನಡೆಯುವುದು ಇಲಾಖೆಯ ಪಾಲಿಗೆ ಅಷ್ಟೇ, ಉಳಿದದ್ದಕ್ಕೆ ದುಡ್ಡು ಕೊಡಬೇಕು. ಎಲ್ಲ ಬರೆದೇ ಇತ್ತು, ಓದದೆ ಹೋದವರು ನಾವು. 'ಇಷ್ಟು ದೂರ ಬಂದಿದ್ದೀವಿ, ಕೊಟ್ಟುಬಿಡು' ಅಂದರು ಅಮ್ಮ. ಕೊಟ್ಟೆ.

ಕೊಟ್ಟಿದ್ದೇ ಒಳ್ಳೆಯದಾಯಿತು. ನದಿ ಕೊಚ್ಚಿಕೊಂಡು ಹೋಗಿದೆ ಎಂದೇ ಎಲ್ಲರೂ ನಂಬಿದ್ದ ಮೂರು ಮೂಲೆಯ ಕೋಟೆಯ ಗುರುತು ಸಿಕ್ಕಿದ್ದು 1994ರಲ್ಲಿ ಪುರಾತತ್ವಜ್ಞ ವಿಲಿಯಂ ಕೆಲ್ಸೊ ಅಗೆಯಲು ಶುರು ಮಾಡಿದ ಮೇಲೆ. ಈಗಲೂ ಅಗೆಯುತ್ತಾರೆ. ಹಗ್ಗದ ಆಚೆ ಮಂಡಿಯೂರಿ ಕೂತು ಮಣ್ಣು ಕೆರೆಯುತ್ತಿದ್ದ ಹುಡುಗಿಯನ್ನು ಮಾತಾಡಿಸಿದರೆ ಕೆಲಸ ಬಿಟ್ಟು ಉತ್ತರ ಹೇಳಿದಳು. ಅಲ್ಲೇ ಇರುವ ಚರ್ಚಿನೊಳಗೆ ನೆಲಕ್ಕೆ ಗಾಜು ಹಾಕಿದ್ದಾರೆ, ಕೆಳಗೆ 1617ರ ಚರ್ಚಿನ ತಳಪಾಯದ ಕಲ್ಲು. ಅಮ್ಮ ಅದರ ಮೇಲೆ ಕಾಲಿಡಲಿಲ್ಲ, ಸುತ್ತಿ ಬಂದರು.

ದ್ವೀಪದಲ್ಲೂ ಅಗೆದಾಗ ಸಿಕ್ಕಿದ್ದನ್ನು ಇಟ್ಟಿರುವ ಒಂದು ಕಟ್ಟಡ ಇದೆ, ಅದರಲ್ಲಿ ಒಂದು ತಲೆಬುರುಡೆ. ಹದಿನಾಲ್ಕು ವರ್ಷದ ಹುಡುಗಿಯದು, ಹೆಸರು ಗೊತ್ತಿಲ್ಲದೆ ಜೇನ್ ಅಂತ ಕರೆಯುತ್ತಾರೆ. 1609-10ರ ಚಳಿಗಾಲದ ಬರಗಾಲದಲ್ಲಿ ಸತ್ತವಳನ್ನು ಹಸಿದವರು ತಿಂದಿದ್ದರು. ಹಣೆಯ ಮೇಲೆ ನಾಲ್ಕು ಕಚ್ಚು. ಒಂದೂ ಆಳಕ್ಕೆ ಇಳಿದಿಲ್ಲ, ಕತ್ತರಿಸಿದವನ ಕೈ ಅಳುಕಿರಬೇಕು ಅನ್ನಿಸುತ್ತದೆ. ಅಲ್ಲಿಂದ ಹೊರಗೆ ಬಂದ ಮೇಲೆ ತುಂಬಾ ಹೊತ್ತು ನಾವಿಬ್ಬರೂ ಮಾತಾಡಲಿಲ್ಲ.

ಮಧ್ಯಾಹ್ನ, ಮೊದಲೇ ಟಿಕೆಟ್ ಕೊಂಡಿದ್ದ ಮ್ಯೂಸಿಯಂಗೆ, ಅಂದರೆ ಸೆಟಲ್‌ಮೆಂಟಿಗೆ, ಹೋದೆವು. ಏಸಿ ಚೆನ್ನಾಗಿದೆ. ಊಟವೂ ಸಿಗುತ್ತದೆ. 1607ರಲ್ಲಿ ಇಂಗ್ಲಿಷರು ಬಂದ ಮೂರು ಹಡಗುಗಳ ಮಾದರಿ ನಿಜಕ್ಕೂ ನೋಡಬೇಕಾದ್ದು. ಅದರಲ್ಲಿ ದೊಡ್ಡದಾದ ಸೂಸನ್ ಕಾನ್‌ಸ್ಟಂಟ್ ಒಳಗೆ ಇಳಿದರೆ ತಲೆ ತಗ್ಗಿಸಬೇಕು, ಇದರಲ್ಲಿ ತಿಂಗಳುಗಟ್ಟಲೆ ಬಂದರಾ ಅನ್ನಿಸುತ್ತದೆ. ಅದರ ಕಪ್ತಾನ ಕ್ರಿಸ್ಟೋಫರ್ ನ್ಯೂಪೋರ್ಟ್ ಮುಂದೆ 1615ರಲ್ಲಿ, ಜಹಾಂಗೀರನ ಆಸ್ಥಾನಕ್ಕೆ ಹೊರಟ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋನನ್ನು ಸೂರತ್‌ಗೆ ತಂದು ಇಳಿಸಿದವನು. ವರ್ಜೀನಿಯಾದಲ್ಲಿ ಕಾಲಿಟ್ಟವರು ನಮ್ಮ ಕಡೆಗೂ ಬಂದರು ಅಲ್ವಾ? ಆದರೆ ಕೋಟೆಯೊಳಗೆ ವೇಷ ಹಾಕಿದವರು ಬಂದೂಕು ಹಾರಿಸುವಾಗ ನನಗೆ ಶಾಲೆಯ ವಾರ್ಷಿಕೋತ್ಸವ ನೆನಪಾಯಿತು.

ಮಕ್ಕಳಿದ್ದರೆ ಮ್ಯೂಸಿಯಂ, ಎರಡು ಮಾತಿಲ್ಲ. ದ್ವೀಪದಲ್ಲಿ ಬಹಳಷ್ಟು ಕಡೆ ಬರೀ ಇಟ್ಟಿಗೆ ಗೆರೆ, ಹುಲ್ಲು, ಸೊಳ್ಳೆ. ಹಂಪಿ ಥರ ಏನೋ ಎದ್ದು ನಿಂತಿರುತ್ತೆ ಅಂದುಕೊಂಡರೆ ನಿರಾಸೆ. ನನ್ನದು ಬೋರ್ಡು ಓದುತ್ತಾ ನಿಧಾನಕ್ಕೆ ನಡೆಯುವ ಅಭ್ಯಾಸ, ಜೇಬೂ ಒಂದೇ ಟಿಕೆಟ್ಟಿನದು. ಮತ್ತೆ ಹೋದರೆ ದ್ವೀಪಕ್ಕೇ. ಹಡಗಿನ ಆಸೆ ಇದ್ದರೆ ಮ್ಯೂಸಿಯಂ ಪಕ್ಕದಿಂದಲೇ ನದಿ ದಾಟಿಸುವ ಫೆರ್ರಿ ಹೊರಡುತ್ತದೆ. ಬಿಟ್ಟಿ. ಅವತ್ತು ಅಮ್ಮನಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ.