ಮೈಂಡ್‌ಹಂಟರ್ ಸೀಸನ್ 2: ಪ್ರೊಫೈಲ್‌ಗೆ ಸಿಗದ ಹಂತಕ, ಅಪ್ಪನಿಗೆ ಅರ್ಥವಾಗದ ಮಗ

ನೆಟ್‌ಫ್ಲಿಕ್ಸ್‌ನ 'ಮೈಂಡ್‌ಹಂಟರ್' ಸರಣಿ ಹಂತಕರ ಕಥೆಯಾದರೂ ಇಲ್ಲಿ ರಕ್ತ ಕಡಿಮೆ, ಮಾತು ಜಾಸ್ತಿ. ಜೈಲಿನ ಒಂದು ಕೋಣೆ, ಮೇಜಿನ ಮೇಲೊಂದು ಟೇಪ್ ರೆಕಾರ್ಡರ್, ಎದುರಿಗೆ ಕೈಕೋಳ ತೊಟ್ಟ ಒಬ್ಬ ಮನುಷ್ಯ. ಅರ್ಧ ಸರಣಿ ಇಷ್ಟರಲ್ಲೇ ಮುಗಿಯುತ್ತದೆ. ಚೇಸ್, ಗುಂಡಿನ ಕಾಳಗ ಬೇಕೆನ್ನುವವರು ಎರಡನೇ ಕಂತಿಗೇ ಎದ್ದು ಹೋಗುತ್ತಾರೆ. ಮೊದಲ ಸೀಸನ್ ಬಂದದ್ದು 2017ರ ಅಕ್ಟೋಬರ್‌ನಲ್ಲಿ, ಹತ್ತು ಕಂತು. ಎರಡನೆಯದು 2019ರ ಆಗಸ್ಟ್‌ನಲ್ಲಿ, ಒಂಬತ್ತು ಕಂತು. ಈ ವಿಮರ್ಶೆ ಮುಖ್ಯವಾಗಿ ಎರಡನೆಯದರ ಬಗ್ಗೆ. ಅಪರಾಧದ ಕುರುಹುಗಳಿಂದ ಅಪರಾಧಿ ಎಂಥವನೆಂದು ಅಂದಾಜಿಸುವ ಪ್ರೊಫೈಲಿಂಗ್ ಎಂಬ ಕೆಲಸದ ಶಕ್ತಿ ಎಷ್ಟು, ಮಿತಿ ಎಲ್ಲಿ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಸರಣಿ ಅಪರೂಪ. ಕೊನೆಯ ಕಂತಿನ ವಿಷಯವೂ ಮುಂದೆ ಬರುತ್ತದೆ. ನೋಡದೇ ಇರುವವರು ನೋಡಿ ಬಂದು ಓದುವುದು ಒಳ್ಳೆಯದು.

ಜೈಲಿನಲ್ಲಿರುವ ಕೊಲೆಗಾರರನ್ನು ಮಾತಾಡಿಸಿ ಅಧ್ಯಯನ ಮಾಡುವ ಮೂರು ಮುಖ್ಯ ಪಾತ್ರಗಳ ಹಿಂದೆ ನಿಜವಾದ ಜನರಿದ್ದಾರೆ. ಹೋಲ್ಡನ್ ಫೋರ್ಡ್‌ಗೆ ಮೂಲ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಜಾನ್ ಡಗ್ಲಾಸ್, ಬಿಲ್ ಟೆಂಚ್‌ಗೆ ರಾಬರ್ಟ್ ರೆಸ್ಲರ್, ವೆಂಡಿ ಕಾರ್‌ಗೆ ಮನೋವೈದ್ಯಕೀಯ ನರ್ಸಿಂಗ್ ಕ್ಷೇತ್ರದ ಆನ್ ಬರ್ಜಸ್. ಹಂತಕರ ಹೆಸರುಗಳು ಮಾತ್ರ ಇದ್ದ ಹಾಗೇ ಇವೆ: ಕೆಂಪರ್, ಬರ್ಕೋವಿಟ್ಜ್, ಮ್ಯಾನ್ಸನ್. ತನಿಖೆಗಾರರ ಖಾಸಗಿ ಬದುಕನ್ನು ಕಲ್ಪಿಸಿ, ಅಪರಾಧಗಳನ್ನು ದಾಖಲೆಯಿಂದ ಎತ್ತಿಕೊಂಡ ಈ ಬೆರಕೆ ಎಲ್ಲಿ ಕೂಡಿಬಂದಿದೆ, ಎಲ್ಲಿ ಹೊಲಿಗೆ ಬಿಟ್ಟಿದೆ ಎಂಬುದೇ ನೋಡಬೇಕಾದದ್ದು.

ಸಂದರ್ಶನಗಳ ಭಾಗ ಬಹುಪಾಲು ನಂಬಿಕೆಗೆ ಅರ್ಹ. ನಿಜವಾದ ಅಧ್ಯಯನದಲ್ಲಿ ಶಿಕ್ಷೆಗೊಳಗಾದ 36 ಕೊಲೆಗಾರರನ್ನು ಮಾತಾಡಿಸಿದ್ದರು. ಅದಕ್ಕೊಂದು 57 ಪುಟಗಳ ಪ್ರಶ್ನಾವಳಿ ಇತ್ತು: ಬಾಲ್ಯ, ಕೊಲೆಗೆ ಮುಂಚಿನ ದಿನಗಳು, ಬಲಿಪಶುವಿನ ಆಯ್ಕೆ, ಶವವನ್ನು ಏನು ಮಾಡಿದ, ಆಮೇಲೆ ಅದೇ ಜಾಗಕ್ಕೆ ಮರಳಿ ಹೋದನೇ, ಎಲ್ಲಕ್ಕೂ ಕಾಲಂ. ಒಬ್ಬರ ಉತ್ತರವನ್ನು ಇನ್ನೊಬ್ಬರ ಉತ್ತರದ ಜೊತೆ ಇಟ್ಟು ನೋಡಲು ಅದೇ ಆಧಾರ. ಹೋಲ್ಡನ್ ಆ ಹಾಳೆಗಳನ್ನು ಪಕ್ಕಕ್ಕೆ ತಳ್ಳಿ, ಕೈದಿಯ ಭಾಷೆಯಲ್ಲೇ ಪೋಲಿ ಮಾತಾಡಿ ಬಾಯಿ ಬಿಡಿಸುವಾಗ ವೆಂಡಿ ಸಿಡುಕುವುದು ಸುಮ್ಮನೆ ಅಲ್ಲ. ಹಾಗೆ ಸಿಕ್ಕ ಮಾತು ಎಷ್ಟೇ ರಸವತ್ತಾಗಿದ್ದರೂ ಹೋಲಿಕೆಗೆ ಬರುವುದಿಲ್ಲ. ಇನ್ನೊಂದು ತೊಡಕೂ ಇದೆ. ಮಾತಾಡಲು ಒಪ್ಪಿದವರು ಸಿಕ್ಕಿಬಿದ್ದವರು, ಮೇಲಾಗಿ ತಮ್ಮ ಬಗ್ಗೆ ಹೇಳಿಕೊಳ್ಳುವ ಚಪಲ ಇದ್ದವರು. ಬರ್ಕೋವಿಟ್ಜ್ ಕಂತಿನಲ್ಲಿ ಇದು ಚೆನ್ನಾಗಿ ಬಂದಿದೆ. ದೆವ್ವ ಹೊಕ್ಕ ನಾಯಿ ತನಗೆ ಆಜ್ಞೆ ಕೊಡುತ್ತಿತ್ತೆಂಬ ಅವನ ಕಥೆಯನ್ನು ಹೋಲ್ಡನ್ ಬರೆದುಕೊಳ್ಳುತ್ತಾ ಕೂರುವುದಿಲ್ಲ, ಸುಳ್ಳು ಎಂದು ಮುಖಕ್ಕೇ ಹೇಳುತ್ತಾನೆ. ಕೇಸ್ ಫೈಲ್ ಪೂರ್ತಿ ಓದಿ ಹೋಗದವನಿಗೆ ಆ ಧೈರ್ಯ ಬರುವುದಿಲ್ಲ.

ಎರಡನೇ ಸೀಸನ್ನಿನ ಅತ್ಯುತ್ತಮ ದೃಶ್ಯ ಜೈಲಿನೊಳಗೆ ನಡೆಯುವುದಿಲ್ಲ. ಬಿಟಿಕೆ ಎಂದು ಕರೆಸಿಕೊಂಡ ಕನ್ಸಾಸ್‌ನ ಸರಣಿ ಹಂತಕನ ಕೈಯಿಂದ 1974ರಲ್ಲಿ ಗುಂಡೇಟು ತಿಂದು ಬದುಕಿ ಉಳಿದ ಕೆವಿನ್ ಬ್ರೈಟ್, ಕಾರಿನ ಹಿಂದಿನ ಸೀಟಿನಲ್ಲಿ ಕೂತು ಟೆಂಚ್ ಜೊತೆ ಮಾತಾಡುತ್ತಾನೆ. ಷರತ್ತು ಒಂದೇ, ಯಾರೂ ಹಿಂತಿರುಗಿ ತನ್ನ ಮುಖ ನೋಡಬಾರದು. ಕ್ಯಾಮೆರಾ ಕೂಡ ಆ ಷರತ್ತು ಪಾಲಿಸುತ್ತದೆ. ಕೆವಿನ್ ಉದ್ದಕ್ಕೂ ಮಸುಕಾಗಿಯೇ ಇರುತ್ತಾನೆ. ಸ್ಪಷ್ಟವಾಗಿ ಕಾಣುವುದು ಕೇಳಿಸಿಕೊಳ್ಳುತ್ತಿರುವ ಟೆಂಚ್‌ನ ಮುಖ. ಟೆಂಚ್ ಆತುರಪಡುವುದಿಲ್ಲ, ನಡುವೆ ಬಾಯಿ ಹಾಕುವುದಿಲ್ಲ, ಸಣ್ಣ ಸಣ್ಣ ಪ್ರಶ್ನೆ ಮಾತ್ರ. ಬದುಕುಳಿದವರ ಹೇಳಿಕೆ ಪಡೆಯುವುದು ಹೇಗೆಂದು ಪೊಲೀಸ್ ತರಬೇತಿ ಶಾಲೆಯಲ್ಲಿ ತೋರಿಸಬಹುದಾದಷ್ಟು ಶಿಸ್ತು ಆ ಕೆಲವು ನಿಮಿಷಗಳಲ್ಲಿದೆ.

ಇನ್ನು ಪ್ರೊಫೈಲ್ ತಯಾರಿ. ಇಲ್ಲಿ ಸರಣಿ ಕೈ ಸಡಿಲ ಬಿಟ್ಟಿದೆ. ಎಫ್‌ಬಿಐ ತರಬೇತಿ ಕೇಂದ್ರವಿರುವ ಕ್ವಾಂಟಿಕೋದವರು 1986ರಲ್ಲಿ ಬರೆದಿಟ್ಟ ವಿಧಾನದಲ್ಲಿ ಆರು ಹಂತಗಳಿವೆ. ಮೊದಲನೆಯದು ಸಾಮಗ್ರಿ ಕಲೆಹಾಕುವುದು: ಸ್ಥಳದ ಫೋಟೋ ಮತ್ತು ನಕ್ಷೆ, ಮರಣೋತ್ತರ ವರದಿ, ಗಾಯಗಳ ವಿವರ, ಸತ್ತವರ ದಿನಚರಿ, ಆ ಬಡಾವಣೆಯ ಸ್ವರೂಪ. ಶಂಕಿತರ ಪಟ್ಟಿಯನ್ನು ಮಾತ್ರ ಠಾಣೆಯವರು ಕಳಿಸಬಾರದು. ಒಂದು ಹೆಸರು ಕಿವಿಗೆ ಬಿದ್ದರೆ ಸಾಕು, ಗೊತ್ತಿಲ್ಲದೆಯೇ ಪ್ರೊಫೈಲ್ ಆ ಹೆಸರಿನ ಅಳತೆಗೆ ಹೊಲಿದ ಅಂಗಿಯಾಗಿಬಿಡುತ್ತದೆ. ಆಮೇಲೆ ಸಾಮಗ್ರಿಯನ್ನು ಜೋಡಿಸುವುದು, ಕೃತ್ಯ ನಡೆದ ಕ್ರಮ ಕಟ್ಟುವುದು, ಅನಂತರವೇ ವಯಸ್ಸು, ಉದ್ಯೋಗ, ವಾಹನ, ಮನೆಯ ಪರಿಸ್ಥಿತಿಯ ಅಂದಾಜು. ಹೊಸ ಸಾಕ್ಷ್ಯ ಬಂದರೆ ಹಿಂದಕ್ಕೆ ಹೋಗಿ ತಿದ್ದಬೇಕು. ಉಳಿದ ಎರಡು ಹಂತ ತನಿಖೆ ಮತ್ತು ಬಂಧನ. ತೆರೆಯ ಮೇಲೆ ಹೋಲ್ಡನ್ ಇದನ್ನೆಲ್ಲ ಒಂದು ಓಡಾಟ, ಒಂದು ಹೊಳಹಿನಲ್ಲಿ ಮುಗಿಸಿಬಿಡುತ್ತಾನೆ. ನಾಟಕಕ್ಕೆ ಅದು ಬೇಕಿರಬಹುದು, ಆದರೆ ಪ್ರೊಫೈಲರ್ ಎಂದರೆ ಕಣಿ ಹೇಳುವವನೆಂಬ ಭ್ರಮೆ ಹುಟ್ಟುವುದು ಇಂಥಲ್ಲೇ.

ಅಟ್ಲಾಂಟಾ ಪ್ರಕರಣ ಬಂದ ಕೂಡಲೇ ಆ ಭ್ರಮೆಯನ್ನು ಸರಣಿಯೇ ಒಡೆಯತೊಡಗುತ್ತದೆ. 1979ರ ಬೇಸಿಗೆಯಿಂದ 1981ರವರೆಗೆ ಅಟ್ಲಾಂಟಾದಲ್ಲಿ ಕಪ್ಪು ಮಕ್ಕಳು, ಹದಿಹರೆಯದ ಹುಡುಗರು ಒಬ್ಬೊಬ್ಬರಾಗಿ ಕಾಣೆಯಾದರು. ಮಗನನ್ನು ಕಳೆದುಕೊಂಡ ಕೆಮಿಲ್ ಬೆಲ್‌ನಂಥ ತಾಯಂದಿರು ಸಂಘಟನೆ ಕಟ್ಟಿ ಬೊಬ್ಬೆ ಹಾಕುವವರೆಗೆ ಆಡಳಿತ ಇವನ್ನೆಲ್ಲ ಒಂದೇ ಸರಣಿಯೆಂದು ನೋಡಲಿಲ್ಲ. ಹಂತಕ ಕಪ್ಪು ಯುವಕನೇ ಎಂಬುದು ಹೋಲ್ಡನ್ ಹಟ. ಅದರ ತರ್ಕ ಸರಳ: ಆ ಬೀದಿಗಳಲ್ಲಿ ಹಗಲು ಹೊತ್ತು ಒಬ್ಬ ಬಿಳಿಯ ಓಡಾಡಿದ್ದರೆ ಎಲ್ಲರ ಕಣ್ಣಿಗೆ ಬೀಳುತ್ತಿದ್ದ. ಬಿಳಿಯರ ಜನಾಂಗದ್ವೇಷಿ ಗುಂಪು ಕು ಕ್ಲಕ್ಸ್ ಕ್ಲಾನ್ ಮೇಲೆ ಅನುಮಾನವಿದ್ದ ಊರಿನಲ್ಲಿ ಬಿಳಿಯ ಅಧಿಕಾರಿಯೊಬ್ಬ ಬಂದು ಹೀಗೆಂದರೆ ಜನಕ್ಕೆ ಹೇಗೆ ಕೇಳಿಸೀತು ಎಂಬುದು ಹೋಲ್ಡನ್ ತಲೆಗೆ ಹೋಗುವುದಿಲ್ಲ, ಜೊತೆಗಿರುವ ಜಿಮ್ ಬಾರ್ನಿಗೆ ಹೋಗುತ್ತದೆ. ಬಾರ್ನಿ ಪಾತ್ರ ಈ ಸೀಸನ್ನಿನ ಒಳ್ಳೆಯ ಸೇರ್ಪಡೆ. ಹಂತಕನನ್ನು ಸೆಳೆಯಲು ಶಿಲುಬೆ ನೆಡುವ ಹೋಲ್ಡನ್‌ನ ಉಪಾಯ ಅನುಮತಿ, ಸಹಿ, ಸಾಗಾಟದ ನಡುವೆ ಸಿಕ್ಕಿ ಹದಗೆಡುವ ಭಾಗವೂ ಸೊಗಸಾಗಿದೆ. ಸರ್ಕಾರಿ ಕಚೇರಿಯಲ್ಲಿ ಒಂದು ಕಡತ ಹೇಗೆ ಕೂರುತ್ತದೆಂದು ನಮ್ಮವರಿಗೆ ಹೇಳಿಕೊಡಬೇಕಿಲ್ಲ.

ಹಂತಕ ಸಿಕ್ಕಿದ್ದು ಹೇಗೆ? 1981ರ ಫೆಬ್ರವರಿಯಲ್ಲಿ, ಶವಗಳ ಮೇಲೆ ಬಟ್ಟೆಯ ಎಳೆಗಳು ಸಿಕ್ಕಿವೆಯೆಂದು ಪತ್ರಿಕೆಯಲ್ಲಿ ಬಂತು. ಅದಾದ ಮೇಲೆ ಶವಗಳು ನದಿಯಲ್ಲಿ, ಮೈಮೇಲೆ ಬಟ್ಟೆಯೇ ಇಲ್ಲವೆಂಬಂತೆ ಸಿಗತೊಡಗಿದವು. ನೀರು ಎಳೆಗಳನ್ನು ತೊಳೆದುಬಿಡುತ್ತದಲ್ಲ. ಪೊಲೀಸರು ಸೇತುವೆಗಳ ಕೆಳಗೆ ಕಾವಲು ಕೂತರು. ಮೇ 22ರ ನಸುಕಿನಲ್ಲಿ ಚಾಟಹೂಚಿ ನದಿಯ ಸೇತುವೆಯಡಿ ಇದ್ದ ಪೊಲೀಸ್ ತರಬೇತಿ ಪಡೆಯುತ್ತಿದ್ದ ಒಬ್ಬ ಹುಡುಗನಿಗೆ ದೊಡ್ಡದೇನೋ ನೀರಿಗೆ ಬಿದ್ದ ಸದ್ದು ಕೇಳಿಸಿತು. ಮೇಲಿದ್ದ ಕಾರು ನಿಧಾನಕ್ಕೆ ಹೊರಟಿತು. ತಡೆದು ನೋಡಿದರೆ ವೇಯ್ನ್ ವಿಲಿಯಮ್ಸ್, ವಯಸ್ಸು 22. ಎರಡು ದಿನ ಬಿಟ್ಟು ನದಿಯ ಕೆಳಪಾತ್ರದಲ್ಲಿ ನಥಾನಿಯೆಲ್ ಕೇಟರ್‌ನ ಶವ ಸಿಕ್ಕಿತು. ಈ ದೃಶ್ಯವನ್ನು ನಿರ್ದೇಶಕ ಕಾರ್ಲ್ ಫ್ರಾಂಕ್ಲಿನ್ ಸಂಗೀತದ ಅಬ್ಬರವಿಲ್ಲದೆ, ಆಕಳಿಸುವ ಹುಡುಗರು, ಗರಗುಟ್ಟುವ ವಾಕಿಟಾಕಿಗಳ ನಡುವೆ ಕಟ್ಟಿದ್ದಾರೆ. ರಾತ್ರಿ ಪಾಳಿಯ ಬೇಸರವೇ ಅಲ್ಲಿಯ ರೋಮಾಂಚನ.

ಸರಣಿ ಎಡವಿದ್ದು ಇದರ ಮುಂದೆ. ನ್ಯಾಯಾಲಯದಲ್ಲಿ ಕೇಸು ನಿಂತದ್ದು ಮುಖ್ಯವಾಗಿ ಎಳೆಗಳ ಮೇಲೆ. ವಿಲಿಯಮ್ಸ್ ಮನೆಯ ಹಸಿರು ಕಾರ್ಪೆಟ್‌ನ ನೈಲಾನ್ ಎಳೆಯನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ಹಾಲೆಗಳ ವಿಚಿತ್ರ ಆಕಾರ: ಎರಡು ಉದ್ದ, ಒಂದು ಗಿಡ್ಡ. ಅದನ್ನು ತಯಾರಿಸಿದ ಕಂಪನಿ ಪತ್ತೆಯಾಯಿತು, ಆ ಎಳೆಯಿಂದ ಕಾರ್ಪೆಟ್ ನೇಯ್ದವರು ಪತ್ತೆಯಾದರು, ಆ ಬಣ್ಣದ ಮಾಲು ಎಷ್ಟು ಮಾರಾಟವಾಗಿತ್ತೆಂಬ ಲೆಕ್ಕ ಸಿಕ್ಕಿತು. ಅಟ್ಲಾಂಟಾದಲ್ಲಿ ಸುಮ್ಮನೆ ಒಂದು ಮನೆ ಹೊಕ್ಕರೆ ಅಂಥ ಕಾರ್ಪೆಟ್ ಇರುವ ಸಾಧ್ಯತೆ 7,792ಕ್ಕೆ ಒಂದು ಎಂದು ನ್ಯಾಯಾಲಯಕ್ಕೆ ಹೇಳಿದರು. ಜೊತೆಗೆ ನಾಯಿಯ ಕೂದಲು, ಕಾರಿನ ಕಾರ್ಪೆಟ್ ಎಳೆ. ಇಷ್ಟು ರೋಚಕ ಪತ್ತೇದಾರಿಕೆಗೆ ಸರಣಿ ಕೊಟ್ಟಿರುವುದು ಅಲ್ಲೊಂದು ಇಲ್ಲೊಂದು ಮಾತು ಮಾತ್ರ. ಕಥೆ ವಿಚಾರಣೆಗೆ ಮೊದಲೇ ನಿಲ್ಲುವುದರಿಂದ ಪ್ರೊಫೈಲರ್ ನಿಜವಾಗಿ ಕೆಲಸಕ್ಕೆ ಬಂದ ಜಾಗವೂ ತಪ್ಪಿಹೋಗಿದೆ. ಸಾಕ್ಷಿಕಟ್ಟೆಯಲ್ಲಿ ತಣ್ಣಗೆ ಕೂತಿದ್ದ ವಿಲಿಯಮ್ಸ್‌ನನ್ನು ಕೆಣಕುವುದು ಹೇಗೆ, ಎಷ್ಟು ಹತ್ತಿರ ಹೋಗಿ ಯಾವ ದನಿಯಲ್ಲಿ ಕೇಳಬೇಕು ಎಂದು ಸರ್ಕಾರಿ ವಕೀಲರಿಗೆ ಹೇಳಿಕೊಟ್ಟವರು ಡಗ್ಲಾಸ್. ಕೊನೆಗೆ ಆತ ಜೂರಿಯ ಎದುರೇ ಸಿಡಿದೆದ್ದ. ಇದೇ ಡಗ್ಲಾಸ್ ಅದಕ್ಕೂ ಮುಂಚೆ ಪತ್ರಿಕೆಯವರ ಮುಂದೆ ಹೆಚ್ಚು ಮಾತಾಡಿ ಇಲಾಖೆಯಿಂದ ಛೀಮಾರಿ ಪತ್ರ ಪಡೆದಿದ್ದರು.

1982ರ ಫೆಬ್ರವರಿಯಲ್ಲಿ ಶಿಕ್ಷೆಯಾದದ್ದು ಇಬ್ಬರು ವಯಸ್ಕರ ಕೊಲೆಗೆ. ಮಕ್ಕಳ ಕೊಲೆಗಳಲ್ಲಿ ಹೆಚ್ಚಿನವನ್ನು ಅವನ ತಲೆಗೇ ಕಟ್ಟಿ ಕಡತ ಮುಚ್ಚಿದರು, ಮೊಕದ್ದಮೆ ನಡೆಸಲಿಲ್ಲ. ತಾಯಂದಿರ ಸಿಟ್ಟನ್ನು ಸರಣಿ ಸಮಾಧಾನಪಡಿಸಲು ಹೋಗುವುದಿಲ್ಲ, ಹಾಗೇ ಬಿಡುತ್ತದೆ. ಇದು ಪ್ರಾಮಾಣಿಕ ಆಯ್ಕೆ. 2019ರ ಮಾರ್ಚ್‌ನಲ್ಲಿ ಅಟ್ಲಾಂಟಾದ ಮೇಯರ್ ಹಳೆಯ ಸಾಕ್ಷ್ಯಗಳ ಮರುಪರೀಕ್ಷೆಗೆ ಆದೇಶ ಕೊಟ್ಟಿದ್ದನ್ನು ನೆನೆದರೆ, ಆ ಸಿಟ್ಟಿಗೆ ಆಧಾರವಿತ್ತೆಂದು ಗೊತ್ತಾಗುತ್ತದೆ.

ಟೆಂಚ್ ಮನೆಯ ಕಥೆಗೆ ಬರೋಣ. ಅವನ ದತ್ತು ಮಗ ಬ್ರಯಾನ್ ಮಾತು ಕಡಿಮೆ ಇರುವ ಹುಡುಗ. ತನಗಿಂತ ದೊಡ್ಡ ಹುಡುಗರು ಒಂದು ಪುಟ್ಟ ಮಗುವನ್ನು ಕೊಂದಾಗ ಬ್ರಯಾನ್ ಅಲ್ಲೇ ಇದ್ದ. ಮಗುವನ್ನು ಶಿಲುಬೆಯ ಮೇಲೆ ಮಲಗಿಸಿದರೆ ಎದ್ದು ಬರುತ್ತದೆಂಬುದು ಅವನ ಲೆಕ್ಕ. ಶವ ಸಿಕ್ಕಿದ್ದು ಟೆಂಚ್‌ನ ಹೆಂಡತಿ ನ್ಯಾನ್ಸಿ ಮಾರಾಟಕ್ಕಿಟ್ಟಿದ್ದ ಮನೆಯಲ್ಲಿ. ಇದು ರೆಸ್ಲರ್ ಬದುಕಿನಿಂದ ಬಂದದ್ದಲ್ಲ, ಬರಹಗಾರರು ಸೇರಿಸಿದ್ದು. ಆ ಮೇಲೆ ಹುಡುಗ ಹಾಸಿಗೆ ಒದ್ದೆ ಮಾಡತೊಡಗುತ್ತಾನೆ, ಬಾಯಿ ಬಿಡುವುದಿಲ್ಲ. ಹಾಸಿಗೆಯಲ್ಲಿ ಮೂತ್ರ, ಬೆಂಕಿ ಹಚ್ಚುವುದು, ಪ್ರಾಣಿಹಿಂಸೆ ಎಂಬ ಮೂರು ಲಕ್ಷಣಗಳ ಸಿದ್ಧಾಂತವನ್ನು ಮ್ಯಾಕ್‌ಡೊನಾಲ್ಡ್ ಎಂಬ ಮನೋವೈದ್ಯರು 1963ರಲ್ಲಿ ಮುಂದಿಟ್ಟಿದ್ದರು. ಮುಂದಿನ ಸಂಶೋಧನೆಗಳು ಅದಕ್ಕೆ ಗಟ್ಟಿ ಬೆಂಬಲ ಕೊಡಲಿಲ್ಲ. ಹೆದರಿದ ಮಗುವೂ ಹಾಸಿಗೆ ಒದ್ದೆ ಮಾಡುತ್ತದೆ. ಆದರೆ ವಾರವಿಡೀ ಕೊಲೆಗಾರರ ಬಾಲ್ಯದ ಕಥೆ ಕೇಳಿ ಮನೆಗೆ ಬರುವ ಅಪ್ಪನಿಗೆ ಮಗನಲ್ಲಿ ಬೇರೇನು ಕಂಡೀತು? ಮ್ಯಾನ್ಸನ್ ಎದುರು ಟೆಂಚ್ ತಾಳ್ಮೆ ಕಳೆದುಕೊಳ್ಳುವುದೂ ಇದಕ್ಕೇ. ಕೊಲೆ ಮಾಡಿದ ತನ್ನ ಹಿಂಬಾಲಕರ ಬಗ್ಗೆ, ಆ ಮಕ್ಕಳನ್ನು ಹೀಗೆ ಬೆಳೆಸಿದವರು ನೀವೇ ಎಂಬ ಮ್ಯಾನ್ಸನ್ ಮಾತು ನೇರ ಮನೆಗೇ ಬಡಿಯುತ್ತದೆ. ಟೆಂಚ್ ಪಾತ್ರದ ಹೋಲ್ಟ್ ಮೆಕಲನಿ ಇದನ್ನು ದವಡೆ ಬಿಗಿಹಿಡಿದೇ ನಟಿಸಿದ್ದಾರೆ, ಒಂದು ಹನಿ ಕಣ್ಣೀರಿಲ್ಲದೆ.

ತಕರಾರೂ ಇದೆ. ಅಟ್ಲಾಂಟಾದಲ್ಲಿ ಶಿಲುಬೆ, ಮನೆಯಲ್ಲೂ ಶಿಲುಬೆ ಎಂಬ ಹೊಂದಾಣಿಕೆ ಅತಿಯಾಯಿತು. ನ್ಯಾನ್ಸಿಗೆ ಸಿಕ್ಕಿರುವುದು ಕಾಯುವ, ಜಗಳಾಡುವ ಕೆಲಸ ಮಾತ್ರ. ಕೊನೆಗೆ ಅವಳು ಮಗನನ್ನೂ ಸಾಮಾನನ್ನೂ ಕಟ್ಟಿಕೊಂಡು ಹೋದಾಗ ನಮಗೆ ಟೆಂಚ್ ಮೇಲೆ ಮಾತ್ರ ಮರುಕ ಬರುವಂತೆ ಮಾಡಿರುವುದು ಅನ್ಯಾಯ. ಹೋಲ್ಡನ್‌ನ ಪ್ಯಾನಿಕ್ ಅಟ್ಯಾಕ್ ಎಳೆಯಂತೂ ಆಸ್ಪತ್ರೆಯಲ್ಲಿ ಜೋರಾಗಿ ಶುರುವಾಗಿ, ಒಂದೆರಡು ಕಂತು ಕಳೆಯುವಷ್ಟರಲ್ಲಿ ಎಲ್ಲರಿಗೂ ಮರೆತೇ ಹೋಗುತ್ತದೆ. ನಿಜವಾದ ಡಗ್ಲಾಸ್ 1983ರ ಕೊನೆಯಲ್ಲಿ ಗ್ರೀನ್ ರಿವರ್ ಪ್ರಕರಣಕ್ಕೆಂದು ಸಿಯಾಟಲ್‌ಗೆ ಹೋದವರು ವೈರಲ್ ಎನ್ಸೆಫಲೈಟಿಸ್‌ನಿಂದ ಹೋಟೆಲ್ ಕೋಣೆಯಲ್ಲಿ ಕುಸಿದು ಕೋಮಾಗೆ ಜಾರಿ ಸಾವಿನ ಬಾಯಿಂದ ಮರಳಿದ್ದರು. ಅಷ್ಟು ಗಟ್ಟಿ ಸಂಗತಿ ಕೈಯಲ್ಲಿದ್ದೂ ಹೋಲ್ಡನ್ ಕಥೆಯನ್ನು ಹೀಗೆ ತೆಳುವಾಗಿ ಬಿಟ್ಟಿದ್ದಾರೆ. ವೆಂಡಿಯ ಪ್ರೇಮಪ್ರಸಂಗ ಇನ್ನೂ ತೆಳು. ಅದನ್ನು ಓಡಿಸಿ ನೋಡಿದರೂ ನಷ್ಟವಿಲ್ಲ.

ಕರ್ನಾಟಕದವರಿಗೆ ನೋಡುವಾಗ ಸೈನೈಡ್ ಮೋಹನ್ ಪ್ರಕರಣ ನೆನಪಾಗದೆ ಇರದು. ಬೇರೆ ಬೇರೆ ಊರಿನ ಬಸ್ ನಿಲ್ದಾಣಗಳ ಶೌಚಾಲಯದಲ್ಲಿ ಸಿಕ್ಕ ಶವಗಳು ಆಯಾ ಠಾಣೆಯಲ್ಲಿ ಅಸಹಜ ಸಾವಿನ ಕಡತವಾಗಿ ಮಲಗಿದ್ದವು. ಒಂದನ್ನು ಇನ್ನೊಂದಕ್ಕೆ ಜೋಡಿಸಿ ನೋಡುವ ಕೈ ಇರಲಿಲ್ಲ. 2009ರಲ್ಲಿ ಬಂಟ್ವಾಳ ತಾಲೂಕಿನಿಂದ ಕಾಣೆಯಾದ ಒಬ್ಬ ಯುವತಿಯ ಬೆನ್ನುಹತ್ತಿ ಮೊಬೈಲ್ ಕರೆಗಳ ವಿವರ ತೆಗೆಸಿದಾಗ ಗಂಟು ಬಿಚ್ಚಿತು. ಅಟ್ಲಾಂಟಾದ ಮೊದಲ ತಿಂಗಳುಗಳ ಕುರುಡುತನವೂ ಇಂಥದ್ದೇ. ಬೇರೆ ಬೇರೆ ಠಾಣೆಗಳ ಪ್ರಕರಣಗಳನ್ನು ಒಂದೆಡೆ ಸೇರಿಸಿ ಹೋಲಿಸಲು ಎಫ್‌ಬಿಐ ವೈಕ್ಯಾಪ್ ಎಂಬ ವ್ಯವಸ್ಥೆ ಶುರುಮಾಡಿದ್ದು 1985ರಲ್ಲಿ.

ನೋಡುವ ಕ್ರಮದ ಬಗ್ಗೆ ಒಂದು ಮಾತು. ಚಿತ್ರೀಕರಣ ಕತ್ತಲೆ, ಹಳದಿ-ಹಸಿರು ಛಾಯೆ. ಹಗಲು ಬೆಳಕು ಬೀಳುವ ಟಿವಿಯಲ್ಲಿ ಅರ್ಧ ಕಾಣುವುದಿಲ್ಲ. ಮಾತು ಪಿಸುದನಿಯಲ್ಲಿ ಇರುವುದರಿಂದ ಸಬ್‌ಟೈಟಲ್ ಹಾಕಿಕೊಳ್ಳಿ, ಸಾಧ್ಯವಾದರೆ ಹೆಡ್‌ಫೋನ್ ಕೂಡ. ಮಕ್ಕಳ ಎದುರು ಬೇಡವೇ ಬೇಡ. ಮಾತಿನ ವಿವರಗಳೇ ಸಾಕಷ್ಟು ಕ್ರೂರ. ಸಮಯ ಕಡಿಮೆಯಿದ್ದರೆ ಮೊದಲ ಸೀಸನ್ನಿನ ಕೆಂಪರ್ ಭೇಟಿಗಳನ್ನು ನೋಡಿ ನೇರ ಎರಡನೆಯದಕ್ಕೆ ಬನ್ನಿ. ಮೂರನೆಯದಕ್ಕೆ ಕಾಯಬೇಡಿ. 2020ರ ಜನವರಿಯಲ್ಲೇ ನಟರನ್ನು ಒಪ್ಪಂದದಿಂದ ಬಿಡುಗಡೆ ಮಾಡಿದ್ದಾರೆ. ಖರ್ಚಿಗೆ ತಕ್ಕಷ್ಟು ನೋಡುಗರಿಲ್ಲವೆಂದು ಸರಣಿಯ ನಿರ್ಮಾಪಕ, ನಿರ್ದೇಶಕ ಡೇವಿಡ್ ಫಿಂಚರ್ 2023ರಲ್ಲಿ ಹೇಳಿದ್ದೂ ಆಗಿದೆ. ಹಾಗಾಗಿ ಹಲವು ಕಂತುಗಳ ಆರಂಭಕ್ಕೆ ಇಣುಕುವ ಕನ್ಸಾಸ್‌ನ ಆ ಮೀಸೆಯ ಮನುಷ್ಯ ಅತ್ತ ಇತ್ತ ಸುಳಿದು ಹೋಗುತ್ತಾನೆ, ಅಷ್ಟೇ. ಅವನು ಬಿಟಿಕೆ, ಡೆನಿಸ್ ರೇಡರ್. 2005ರಲ್ಲಿ ಪೊಲೀಸರಿಗೆ ತಾನೇ ಕಳಿಸಿದ ಫ್ಲಾಪಿ ಡಿಸ್ಕ್‌ನಲ್ಲಿ ಅಳಿಸಿಹೋಗದೆ ಉಳಿದಿದ್ದ ಚರ್ಚ್‌ನ ಹೆಸರು ಮತ್ತು 'ಡೆನಿಸ್' ಎಂಬ ಪದದಿಂದ ಸಿಕ್ಕಿಬಿದ್ದ.