ಆಪರೇಷನ್ ಆದ ಕಡೆಯ ಕೈ ಬಾತರೆ ತಿಕ್ಕಿಸಬೇಡಿ

ಬಾಗಲಕೋಟೆ ಕಡೆಯವರು ದಯವಿಟ್ಟು ಓದಿ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಪರೇಷನ್ ಆಗಿ, ಆಮೇಲೆ ಆ ಕಡೆಯ ಕೈ ಬಾತಿದ್ದರೆ, "ನರ ಹಿಡಿದೈತಿ, ತಿಕ್ಕಿ ಬಿಡಸ್ತೀನಿ" ಎನ್ನುವವರನ್ನು ನಂಬಬೇಡಿ.

ನಮ್ಮ ಚಿಗವ್ವನಿಗೆ ಎಡ ಎದೆಯ ಆಪರೇಷನ್ ಆಗಿತ್ತು. ಬಗಲಿನ ಗಂಟುಗಳನ್ನೂ (ಎಲ್ಲರ ಮೈಯಲ್ಲೂ ಇರುವ ದುಗ್ಧಗ್ರಂಥಿಗಳು) ತೆಗೆದಿದ್ದರು. ಕೆಲವು ತಿಂಗಳಾದ ಮೇಲೆ ಎಡಗೈ ದಪ್ಪಗಾಯಿತು. ಬಳೆ ಬಿಗಿಯಾದವು. ರೊಟ್ಟಿ ಬಡಿಯುವಾಗ ಕೈ ಭಾರ ಎನ್ನುತ್ತಿದ್ದಳು. ಯಾರೋ ಹೇಳಿದರೆಂದು ಊರಿಗೆ ಬಂದ ತಿಕ್ಕುವವನಿಗೆ ತೋರಿಸಿದಳು. ಬಿಸಿ ಎಣ್ಣೆ ಹಾಕಿ ಜೋರಾಗಿ ತಿಕ್ಕಿದ. ಉಪ್ಪಿನ ಗಂಟಿನಿಂದ ಕಾವು ಕೊಟ್ಟ. ಕಡೆಗೆ ಕೆಟ್ಟ ನೀರು ಹೊರಗೆ ಬರಲಿ ಎಂದು ಸೂಜಿಯಿಂದ ಚುಚ್ಚಿಬಿಟ್ಟ. ಆಪರೇಷನ್ ವಿಷಯ ಅವಳೇ ಹೇಳಿದ್ದಳು. "ಅದಕ್ಕೂ ಇದಕ್ಕೂ ಏನ್ ಸಂಬಂಧ ಯವ್ವಾ?" ಎಂದನಂತೆ.

ಸಂಬಂಧ ಇದ್ದದ್ದೇ ಅಲ್ಲಿ. ರಕ್ತನಾಳಗಳಿಂದ ಸೋರಿದ ನೀರು, ಪ್ರೋಟೀನನ್ನು ಮತ್ತೆ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳು (ಲಿಂಫ್ ನಾಳಗಳು, ಹಾಲಿನ ನಾಳಗಳಲ್ಲ). ಇವಕ್ಕೆ ಹೃದಯದಂಥ ಪಂಪ್ ಇಲ್ಲ. ನಾಳದ ಗೋಡೆ ತಾನೇ ಹಿಂಡುತ್ತದೆ, ಸ್ನಾಯುಗಳ ಅಲುಗಾಟ ಮತ್ತು ಉಸಿರಾಟ ಮುಂದಕ್ಕೆ ತಳ್ಳುತ್ತವೆ, ಒಳಗಿನ ಕವಾಟಗಳು ಹಿಂದಕ್ಕೆ ಬಿಡುವುದಿಲ್ಲ. ಕೈಯ ದುಗ್ಧರಸ, ಅಂದರೆ ಈ ನಾಳಗಳಲ್ಲಿ ಹರಿಯುವ ನೀರು, ಬಹುಪಾಲು ಬಗಲಿನ ಗಂಟುಗಳನ್ನು ದಾಟಿಯೇ ಕುತ್ತಿಗೆ ಬುಡದ ದೊಡ್ಡ ರಕ್ತನಾಳಕ್ಕೆ ಹೋಗಬೇಕು. ರೋಗಾಣುಗಳನ್ನು ಬಿಳಿ ರಕ್ತಕಣಗಳು ಹಿಡಿಯುವುದೂ ಆ ಗಂಟುಗಳಲ್ಲೇ. ಗಂಟು ಹೋದರೆ ನೀರೂ ಕೈಯಲ್ಲೇ ತುಂಬಿಕೊಳ್ಳಬಹುದು, ಕಾವಲೂ ಕಡಿಮೆಯಾಗುತ್ತದೆ. ಅಂಥ ಕೈಗೆ ಕಾವು ಕೊಟ್ಟರೆ ರಕ್ತ ಜಾಸ್ತಿ ಹರಿದು ಇನ್ನಷ್ಟು ನೀರು ಸೋರುತ್ತದೆ. ಜೋರಾಗಿ ತಿಕ್ಕಿದರೆ ಚರ್ಮದ ಕೆಳಗಿನ ತೆಳು ನಾಳಗಳಿಗೇ ಪೆಟ್ಟು. ಸೂಜಿ ಚುಚ್ಚಿದರೆ ರೋಗಾಣುಗಳಿಗೆ ಬಾಗಿಲು ತೆರೆದುಕೊಟ್ಟ ಹಾಗೆ, ಅಲ್ವಾ?

ಹಾಗೇ ಆಯಿತು. ನಡುಗುವ ಜ್ವರ ಬಂತು, ಕೈ ಕೆಂಪಾಗಿ ಸುಡುತ್ತಿತ್ತು. ಆಸ್ಪತ್ರೆಗೆ ಸೇರಿಸಿ ಡ್ರಿಪ್‌ನಲ್ಲಿ ಆಂಟಿಬಯೋಟಿಕ್ ಕೊಡಬೇಕಾಯಿತು. ಆ ಸಂಕಟ ನೋಡಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ.

ಇದಕ್ಕೂ ಮಾಲೀಶು ಇದೆ, ಆದರೆ ಅದು ಬೇರೆ. ಕಲಿತ ಫಿಸಿಯೋಥೆರಪಿಸ್ಟ್ ಚರ್ಮವನ್ನು ಮೆಲ್ಲಗೆ ಸರಿಸುವಷ್ಟೇ ಮಾಡುತ್ತಾರೆ, ಎಣ್ಣೆ ಹಾಕುವುದಿಲ್ಲ. ಜೊತೆಗೆ ಹದವಾದ ಬ್ಯಾಂಡೇಜು, ವ್ಯಾಯಾಮ. ಚಿಗವ್ವನ ಬಾವು ಇದರಿಂದ ಇಳಿದಿದೆ, ಪೂರ್ತಿ ಹೋಗಿಲ್ಲ. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ನೀರು ಹೋದರೂ ಪ್ರೋಟೀನು ಅಲ್ಲೇ ಉಳಿದು ಮತ್ತೆ ನೀರು ಎಳೆಯುತ್ತದೆ.

ನಮ್ಮ ಭಾಗದಲ್ಲಿ ಆನೆಕಾಲು ರೋಗದವರೂ ಇದ್ದಾರೆ. ಅಲ್ಲಿಯೂ ಹಾಳಾಗಿರುವುದು ಇದೇ ನಾಳಗಳು. ಆ ಕಾಲನ್ನೂ ಚುಚ್ಚಿಸಬೇಡಿ, ದಿನಾ ಸೋಪಿನಿಂದ ತೊಳೆದು ಒಣಗಿಸಿ.

ಬಾವು ಹೊಸದಾಗಿ ಬಂದಿದ್ದರೆ ಮೊದಲು ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ. ಕೆಂಪು, ಜ್ವರ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಹೊರಡಿ.