ವಿಮಾನ ಮೆಕ್ಯಾನಿಕ್ ಕೋಚಿಂಗ್: ಓದಿಗೆ ಸೈ, ಕೈಕೆಲಸಕ್ಕೆ ಸಾಲದು

ದಾವಣಗೆರೆ ವಿದ್ಯಾನಗರದ ಈ ಸಂಜೆ ಕೋಚಿಂಗ್, ವಿಮಾನ ನಿರ್ವಹಣೆಯ ಲೈಸೆನ್ಸಿಗಾಗಿ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಡೆಸುವ ಮಾಡ್ಯೂಲ್ (ವಿಷಯವಾರು) ಪರೀಕ್ಷೆಯ ಮಟ್ಟಿಗೆ ಪರವಾಗಿಲ್ಲ. ಪಾಸಾಗಲು ಶೇ 75 ಬೇಕು, ಪ್ರಶ್ನೆಗೆ ಸರಾಸರಿ 75 ಸೆಕೆಂಡು; ಅದೇ ಲೆಕ್ಕದಲ್ಲಿ ಅಣಕು ಪರೀಕ್ಷೆ ಮಾಡಿಸುತ್ತಾರೆ.

ಮಾಡ್ಯೂಲ್ 7, ಅಂದರೆ ನಿರ್ವಹಣಾ ಕೆಲಸದ ಪಾಠ, ಬರೀ ಬೋರ್ಡಿನ ಮೇಲೆ. ಲಾಕ್‌ವೈರ್ (ಬೋಲ್ಟ್ ಕಳಚದಂತೆ ಕಟ್ಟುವ ತಂತಿ) ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಎಳೆಯಬೇಕು. ಉಲ್ಟಾ ಸುತ್ತಿದರೆ ಬೋಲ್ಟ್ ಸಡಿಲವಾಗುವುದನ್ನು ಅದು ತಡೆಯದು. ಟಾರ್ಕ್ ರೆಂಚಿನ (ನಿಗದಿತ ಬಲಕ್ಕೆ ಬಿಗಿಯುವ ಪಾನಾ) ತುದಿಗೆ ನೇರ ಅಡಾಪ್ಟರ್ ಸೇರಿಸಿ ಉದ್ದ ಮಾಡಿದರೆ ಸೆಟ್ಟಿಂಗ್ ಇಳಿಸಬೇಕು, ಇಲ್ಲದಿದ್ದರೆ ಬಿಗಿತ ಮಿತಿ ಮೀರುತ್ತದೆ. ಇದೆಲ್ಲ ಬಾಯಿಪಾಠದಿಂದ ಬರುವ ವಿದ್ಯೆಯೇ?

ಪಿಯುಸಿ ಪಿಸಿಎಂ ಮುಗಿಸಿದವರು ಗಮನಿಸಿ: ಇದು ಸಿಎಆರ್-147 (ವಿಮಾನ ನಿರ್ವಹಣಾ ತರಬೇತಿ ಸಂಸ್ಥೆಗಳಿಗಿರುವ ಡಿಜಿಸಿಎ ನಿಯಮ) ಮಾನ್ಯತೆಯ ಸಂಸ್ಥೆಯಲ್ಲ. ಲೈಸೆನ್ಸಿಗೆ ಹಾರುವ ಸ್ಥಿತಿಯ ವಿಮಾನಗಳ ಮೇಲಿನ ಅನುಭವವೂ ಬೇಕು, ಏರ್‌ಬಸ್‌ನಂಥದ್ದಕ್ಕೆ ಕೆಲಸ ಸರಿಯಾಗಿದೆಯೆಂದು ಸಹಿ ಹಾಕಲು ಟೈಪ್ ರೇಟಿಂಗ್ (ಆಯಾ ಮಾದರಿಯ ವಿಮಾನಕ್ಕೆಂದೇ ಪಡೆಯುವ ಅರ್ಹತೆ) ಬೇರೆ. ಫೀಸು ಕಟ್ಟಿಸಿಕೊಳ್ಳುವಾಗ ಈ ಮಾತು ಎತ್ತುವುದೇ ಇಲ್ಲ.